ದೂರ ಅಷ್ಟೇ ಇದ್ರೂ ಟೈಮ್ ಯಾಕೆ ಬೇರೆ? ವಿಮಾನ ಪ್ರಯಾಣದ ಬಗ್ಗೆ ಓದುಗರು ಕೇಳಿದ್ದು

ಏರ್‌ಪೋರ್ಟಿಂದ ಏರ್‌ಪೋರ್ಟಿಗೆ ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿ ಈ ಸಲ ತುಂಬಾ ಪತ್ರ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಕೆಲವನ್ನ ಇಲ್ಲಿ ತಗೊಂಡಿದೀನಿ. ಎಲ್ಲಾ ದೂರಗಳೂ ಸುಮಾರಾಗಿ, ಏರ್‌ಪೋರ್ಟಿಂದ ಏರ್‌ಪೋರ್ಟಿಗೆ ನೇರವಾಗಿ ಲೆಕ್ಕ ಹಾಕಿರೋದು.

ಪ್ರಶ್ನೆ: ನನ್ನ ಗಂಡ ದುಬೈಯಲ್ಲಿದ್ದಾರೆ, ವರ್ಷಕ್ಕೊಮ್ಮೆ ಮಕ್ಕಳನ್ನು ಕರ್ಕೊಂಡು ಹೋಗ್ತೇನೆ. ಟಿಕೆಟಿನಲ್ಲಿ ಹೊರಡುವ ಟೈಮು, ಮುಟ್ಟುವ ಟೈಮು ನೋಡಿದ್ರೆ ಹೋಗ್ಲಿಕ್ಕೆ ಎರಡೂ ಕಾಲು ಗಂಟೆ, ಬರ್ಲಿಕ್ಕೆ ಹತ್ರ ಹತ್ರ ಐದು ಗಂಟೆ ಕಾಣ್ತದೆ. ಗಂಡ ಹೇಳುವುದು ನೋಡಿದ್ರೆ ಉಲ್ಟಾ, ಬರುವಾಗಲೇ ಬೇಗ ಆಗ್ತದಂತೆ. ಯಾವುದು ಸರಿ?
(ಓದುಗರು, ಮಂಗಳೂರು)

ನಿಮ್ಮ ಯಜಮಾನ್ರು ಹೇಳಿದ್ದೇ ಸರಿ. ಟಿಕೆಟಿನಲ್ಲಿ ಯಾವಾಗಲೂ ಆಯಾ ಊರಿನ ಗಡಿಯಾರದ ಟೈಮನ್ನೇ ಹಾಕಿರ್ತಾರೆ, ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹಾಗಾಗಿ ಬೆಳಿಗ್ಗೆ 10ಕ್ಕೆ ಬಜ್ಪೆಯಿಂದ ಹೊರಟು ದುಬೈ ಟೈಮ್ 12.20ಕ್ಕೆ ಮುಟ್ಟಿದ್ರೆ ಪ್ರಯಾಣ 2 ಗಂಟೆ 20 ನಿಮಿಷ ಅಲ್ಲ, ಅದಕ್ಕೆ ಒಂದೂವರೆ ಗಂಟೆ ಸೇರಿಸ್ಬೇಕು, 3 ಗಂಟೆ 50 ನಿಮಿಷ ಆಗುತ್ತೆ. ಬರುವಾಗ ಮಧ್ಯಾಹ್ನ 2ಕ್ಕೆ ಅಲ್ಲಿ ಹೊರಟು ಸಂಜೆ 6.50ಕ್ಕೆ ಇಲ್ಲಿ ಇಳಿದ್ರೆ ಒಂದೂವರೆ ಗಂಟೆ ಕಳೀಬೇಕು, 3 ಗಂಟೆ 20 ನಿಮಿಷ. ಎರಡು ಕಡೆನೂ ಬೇಸಿಗೆಗೆ ಚಳಿಗೆ ಅಂತ ಗಡಿಯಾರ ತಿರುಗಿಸೋ ಪದ್ಧತಿ ಇಲ್ಲ, ಆದ್ರಿಂದ ಈ ಒಂದೂವರೆ ಗಂಟೆ ವರ್ಷಪೂರ್ತಿ ಅಷ್ಟೇ ಇರುತ್ತೆ.

ಇಷ್ಟು ಸರಿಮಾಡಿದ ಮೇಲೂ ಅರ್ಧ ಗಂಟೆ ವ್ಯತ್ಯಾಸ ಉಳೀತಲ್ಲ, ಅದು ಗಾಳಿದು. ಮಂಗಳೂರು ದುಬೈ ಮಧ್ಯೆ ಸುಮಾರು 2,460 ಕಿ.ಮೀ. ಈ ರೂಟಿನ ವಿಮಾನ ಸುತ್ತಲಿನ ಗಾಳಿಗೆ ಹೋಲಿಸಿದ್ರೆ ಗಂಟೆಗೆ ಸುಮಾರು 830 ಕಿ.ಮೀ. ಹೋಗುತ್ತೆ, ಆದ್ರೆ ಆ ಗಾಳಿನೇ ಸುಮ್ನೆ ನಿಂತಿರಲ್ಲ. 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದ್ರೆ ವಿಮಾನಗಳು ಹಾರೋ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸುತ್ತೆ, ಚಳಿಗಾಲದಲ್ಲಿ ಅದು ಉತ್ತರ ಭಾರತ, ಗಲ್ಫ್ ಕಡೆಗೆ ಇಳಿದಿರುತ್ತೆ. ಎದುರು ಗಾಳಿ ಗಂಟೆಗೆ ಬರೀ 80 ಕಿ.ಮೀ. ಇದೆ ಅಂದ್ಕೊಳ್ಳಿ. ಹೋಗುವಾಗ ನೆಲದ ಲೆಕ್ಕದಲ್ಲಿ ವೇಗ 750 ಆಯ್ತು, 3 ಗಂಟೆ 17 ನಿಮಿಷ ಬೇಕು. ಬರುವಾಗ ಅದೇ ಗಾಳಿ ಹಿಂದಿಂದ ತಳ್ಳಿ 910 ಆಯ್ತು, 2 ಗಂಟೆ 42 ನಿಮಿಷ ಸಾಕು. ಇದು ಬರೀ ಗಾಳಿಯಲ್ಲಿರೋ ಟೈಮು, ಟಿಕೆಟಿನ ಟೈಮಲ್ಲಿ ನೆಲದ ಮೇಲೆ ಓಡಾಡೋದೂ ಸೇರಿರುತ್ತೆ, ಅದರ ಬಗ್ಗೆ ಮುಂದೆ ಬರ್ತೀನಿ.

ಇನ್ನೊಂದು ವಿಷಯ, ಮಳೆಗಾಲದಲ್ಲಿ ಈ ಪಶ್ಚಿಮದ ಜೆಟ್ ಹಿಮಾಲಯದ ಆಚೆಗೆ ಸರಿದು ದಕ್ಷಿಣ ಭಾರತದ ಮೇಲೆ ಉಲ್ಟಾ ದಿಕ್ಕಿಂದ, ಪೂರ್ವದಿಂದ ಪಶ್ಚಿಮಕ್ಕೆ ಮೇಲ್ಗಾಳಿ ಬೀಸೋಕೆ ಶುರುವಾಗುತ್ತೆ. ಹಾಗಾಗಿ ಜನವರಿಯಲ್ಲಿ ಕಾಣೋ ವ್ಯತ್ಯಾಸ ಜುಲೈನಲ್ಲಿ ಅಷ್ಟೇ ಕಾಣ್ಬೇಕು ಅಂತಿಲ್ಲ. ಟಿಕೆಟ್ ನೋಡುವಾಗ ತಿಂಗಳನ್ನೂ ಗಮನಿಸಿ.

ಪ್ರಶ್ನೆ: ನಮಸ್ಕಾರ್ರಿ. ಎರಡು ಏರ್‌ಪೋರ್ಟ್ ನಡುವಿನ ದೂರ ನಾವ ಸ್ವತಃ ಲೆಕ್ಕಾ ಹಾಕಬಹುದೇನ್ರಿ? ಒಂದ್ ಆ್ಯಪ್‌ನ್ಯಾಗ ಒಂದ್ ಸಂಖ್ಯೆ ತೋರಸ್ತದ, ಇನ್ನೊಂದರಾಗ ಅದರ ಅರ್ಧದಷ್ಟ ತೋರಸ್ತದ.
(ನಿವೃತ್ತ ಶಿಕ್ಷಕರು, ಧಾರವಾಡ)

ಖಂಡಿತಾ ಹಾಕಬಹುದು ಮೇಷ್ಟ್ರೇ, ಮಕ್ಕಳಿಗೂ ಹೇಳಿಕೊಡಬಹುದು. ಬೆಂಗಳೂರು ದೆಹಲಿನೇ ತಗೊಳ್ಳೋಣ, ಯಾಕಂದ್ರೆ ಎರಡೂ ಹೆಚ್ಚು ಕಮ್ಮಿ ಒಂದೇ ರೇಖಾಂಶದ ಮೇಲಿವೆ, ಎರಡೂ 77 ಡಿಗ್ರಿ ಚಿಲ್ಲರೆ ಪೂರ್ವ. ಬೆಂಗಳೂರು ಏರ್‌ಪೋರ್ಟ್ 13.20 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ದೆಹಲಿದು 28.57. ಕಳೆದ್ರೆ 15.37. ಅಕ್ಷಾಂಶದ ಒಂದು ಡಿಗ್ರಿ ಅಂದ್ರೆ ಸುಮಾರು 111 ಕಿ.ಮೀ., ಗುಣಿಸಿದ್ರೆ 1,706 ಬರುತ್ತೆ. ಕಂಪ್ಯೂಟರ್‌ನಲ್ಲಿ ಕರೆಕ್ಟಾಗಿ ಹಾಕಿದ್ರೂ 1,710ರ ಆಸುಪಾಸೇ.

ಆ್ಯಪ್‌ಗಳ ಗೊಂದಲಕ್ಕೆ ಕಾರಣ ನಾಟಿಕಲ್ ಮೈಲು. ವಿಮಾನ, ಹಡಗಿನವರು ಬಳಸೋ ಅಳತೆ ಅದೇ, ಒಂದು ನಾಟಿಕಲ್ ಮೈಲು 1.852 ಕಿ.ಮೀ. ಇದೇನು ಎಲ್ಲಿಂದಲೋ ತಂದ ಸಂಖ್ಯೆ ಅಲ್ಲ, ಅಕ್ಷಾಂಶದ ಒಂದು ಡಿಗ್ರಿನ 60 ಭಾಗ ಮಾಡಿದ್ರೆ ಒಂದು ಭಾಗ ಬರೋದು ಸುಮಾರು ಅಷ್ಟೇ. 15.37ನ್ನ 60ರಿಂದ ಗುಣಿಸಿ, 922 ನಾಟಿಕಲ್ ಮೈಲು. ಒಂದು ಆ್ಯಪ್ 922 ಅಂತು, ಇನ್ನೊಂದು 1,710 ಅಂತು, ಎರಡೂ ಸರಿನೇ.

ಪೂರ್ವ ಪಶ್ಚಿಮಕ್ಕೆ ಹೋಗೋ ಊರಾದ್ರೆ ಸ್ವಲ್ಪ ತಿದ್ದುಪಡಿ ಬೇಕು, ಧ್ರುವದ ಕಡೆ ಹೋದಂಗೆ ರೇಖಾಂಶಗಳು ಹತ್ತಿರ ಬರ್ತಾವಲ್ಲ ಅದಕ್ಕೆ. ನಮ್ಮ ಕರ್ನಾಟಕದ ಮಟ್ಟಿಗೆ ರೇಖಾಂಶದ ಒಂದು ಡಿಗ್ರಿಗೆ 108 ಕಿ.ಮೀ. ಹಿಡೀರಿ ಸಾಕು. ಅಕ್ಷಾಂಶದ ವ್ಯತ್ಯಾಸನ 111ರಿಂದ, ರೇಖಾಂಶದ್ದನ್ನ 108ರಿಂದ ಗುಣಿಸಿ, ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೀರಿ, ಪೈಥಾಗೋರಸ್ ಅಷ್ಟೇ. ಹೀಗೆ ಹಾಕಿದ್ರೆ ಬೆಂಗಳೂರಿಂದ ನಿಮ್ಮ ಹುಬ್ಬಳ್ಳಿ ಏರ್‌ಪೋರ್ಟಿಗೆ 370 ಕಿ.ಮೀ., ಬೆಳಗಾವಿಗೆ 445, ಕಲಬುರಗಿಗೆ 465ರ ಹತ್ರ ಬರುತ್ತೆ. ಇದು ಕಡಿಮೆ ದೂರಕ್ಕೆ ಮಾತ್ರ, ಅಮೆರಿಕಕ್ಕೆ ಈ ಲೆಕ್ಕ ನಡಿಯಲ್ಲ.

ಟೈಮಿಗೂ ಒಂದು ಒರಟು ಲೆಕ್ಕ ಇದೆ. ಜೆಟ್ ವಿಮಾನ ಆದ್ರೆ ದೂರನ 800ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿ. ದೆಹಲಿಗೆ 1,710 ಭಾಗ 800, ಅಂದ್ರೆ 2 ಗಂಟೆ 8 ನಿಮಿಷ, ಅರ್ಧ ಗಂಟೆ ಸೇರಿ 2 ಗಂಟೆ 38 ನಿಮಿಷ. ಟಿಕೆಟಿನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಹತ್ತು ಹದಿನೈದು ನಿಮಿಷ ಜಾಸ್ತಿನೇ ಇರುತ್ತೆ, ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ: ಬೆಂಗಳೂರು ಶಿವಮೊಗ್ಗ ವಿಮಾನದಲ್ಲಿ ಅರ್ಧ ಗಂಟೆ ದಾರಿ ಅಂತಾರೆ, ಟಿಕೆಟ್‌ನಲ್ಲಿ ಒಂದು ಗಂಟೆ ಮೇಲೆ ಯಾಕೆ ಹಾಕ್ತಾರೆ? ಮತ್ತೆ ನಿಜ ಹೇಳಿ, ಟ್ರೈನ್ ಬಿಟ್ಟು ವಿಮಾನದಲ್ಲಿ ಹೋದ್ರೆ ಎಷ್ಟು ಟೈಮ್ ಉಳಿಯುತ್ತೆ?
(ಓದುಗರು, ಶಿವಮೊಗ್ಗ)

ಸೋಗಾನೆ ಏರ್‌ಪೋರ್ಟಿಗೂ ಬೆಂಗಳೂರು ಏರ್‌ಪೋರ್ಟಿಗೂ ನೇರ ದೂರ ಸುಮಾರು 240 ಕಿ.ಮೀ. 2023ರ ಆಗಸ್ಟ್ 31ಕ್ಕೆ ಮೊದಲ ವಿಮಾನ ಬಂತಲ್ಲ, ಅದು ಎಟಿಆರ್, ರೆಕ್ಕೆಗೆ ಫ್ಯಾನ್ ಇರೋ ಚಿಕ್ಕ ವಿಮಾನ. ಮೇಲೆ ಹೋದ ಮೇಲೆ ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. 240ನ್ನ 500ರಿಂದ ಭಾಗಿಸಿದ್ರೆ ಅರ್ಧ ಗಂಟೆ, ನೀವು ಹೇಳಿದ್ದು ಅಲ್ಲಿಗೆ ಸರಿನೇ. ಆದ್ರೆ ಟಿಕೆಟಿನ ಟೈಮು ಹಾರೋ ಟೈಮ್ ಅಲ್ಲ. ಬಾಗಿಲು ಹಾಕಿ, ವಿಮಾನನ ಅದು ನಿಂತ ಜಾಗದಿಂದ ಅಲ್ಲಾಡಿಸಿದಾಗ ಶುರುವಾಗಿ, ಇನ್ನೊಂದು ಊರಲ್ಲಿ ಅದರ ಜಾಗಕ್ಕೆ ಬಂದು ನಿಲ್ಲೋವರೆಗೂ ಎಣಿಸ್ತಾರೆ. ಇದನ್ನ ಬ್ಲಾಕ್ ಟೈಮ್ ಅಂತಾರೆ.

ಬೆಂಗಳೂರಲ್ಲಿ ಬೆಳಗಿನ ಹೊತ್ತು ಈ ವಿಮಾನ ಹತ್ತಿದ್ದೀರಾದ್ರೆ ನಿಮಗೇ ಗೊತ್ತಿರುತ್ತೆ, ಬಾಗಿಲು ಹಾಕಿ ಆಗಿರುತ್ತೆ, ಪಾಠ ಎಲ್ಲಾ ಹೇಳಿ ಮುಗಿಸಿರ್ತಾರೆ, ಆದ್ರೂ ವಿಮಾನ ಟ್ಯಾಕ್ಸಿವೇನಲ್ಲಿ ನಿಧಾನಕ್ಕೆ ಉರುಳ್ತಾನೇ ಇರುತ್ತೆ, ಮುಂದೆ ಸಾಲಾಗಿ ಬೇರೆ ವಿಮಾನಗಳು. ಎರಡು ರನ್‌ವೇ ಇದ್ರೂ ಕೂಡ ಹೀಗೆ. ಹಾರಿದ ಮೇಲೂ ತಕ್ಷಣ ಊರಿನ ದಿಕ್ಕಿಗೆ ತಿರುಗೋಕಾಗಲ್ಲ. ಗಾಳಿ ಯಾವ ಕಡೆಯಿಂದ ಬರ್ತಿದೆಯೋ ಆ ಕಡೆ ಮುಖ ಮಾಡಿ ಏಳಬೇಕು, ಶಿವಮೊಗ್ಗ ಇರೋದು ಪಶ್ಚಿಮಕ್ಕೆ, ವಿಮಾನ ಪೂರ್ವಕ್ಕೆ ಎದ್ದರೆ ಸುತ್ತು ಹಾಕ್ಕೊಂಡೇ ಬರಬೇಕು. 10,000 ಅಡಿ ಕೆಳಗಡೆ ವೇಗಕ್ಕೂ ಮಿತಿ ಇದೆ, ಸಾಮಾನ್ಯವಾಗಿ 250 ನಾಟ್, ಅಂದ್ರೆ ಗಂಟೆಗೆ 463 ಕಿ.ಮೀ. ಚಿಕ್ಕ ದಾರಿಯಲ್ಲಿ ಏರೋದು ಇಳಿಯೋದರಲ್ಲೇ ಅರ್ಧ ದಾರಿ ಮುಗಿದು ಹೋಗುತ್ತೆ. ಇದರ ಮೇಲೆ ಕಂಪನಿಗಳು ಒಂದಿಷ್ಟು ನಿಮಿಷ ಎಕ್ಸ್‌ಟ್ರಾ ಸೇರಿಸಿಯೇ ವೇಳಾಪಟ್ಟಿ ಮಾಡ್ತಾರೆ, ಯಾಕಂದ್ರೆ ಹೇಳಿದ ಟೈಮಿಗಿಂತ 15 ನಿಮಿಷದೊಳಗೆ ಇದ್ರೆ ಮಾತ್ರ ಆ ವಿಮಾನ ಆನ್ ಟೈಮ್ ಅಂತ ಲೆಕ್ಕ. ಹತ್ತು ನಿಮಿಷ ಮುಂಚೆ ಇಳಿದ್ವಿ ಅಂತ ಖುಷಿಯಾಗಿ ಅನೌನ್ಸ್ ಮಾಡ್ತಾರಲ್ಲ, ಆ ಹತ್ತು ನಿಮಿಷ ಬಹಳ ಸಲ ಮೊದಲೇ ಸೇರಿಸಿಟ್ಟಿದ್ದೇ.

ಟ್ರೈನ್ ವಿಷಯಕ್ಕೆ ಬಂದ್ರೆ ನೇರವಾಗೇ ಹೇಳ್ತೀನಿ. ಮೆಜೆಸ್ಟಿಕ್‌ನಿಂದ ಏರ್‌ಪೋರ್ಟ್ ಸುಮಾರು 35 ಕಿ.ಮೀ., ಟ್ರಾಫಿಕ್ ಇದ್ರೆ ಅದಕ್ಕೇ ಒಂದೂವರೆ ಗಂಟೆ, ಅಲ್ಲಿ ಕಡಿಮೆ ಅಂದ್ರೂ ಒಂದೂವರೆ ಗಂಟೆ ಮುಂಚೆ ಇರಬೇಕು, ವಿಮಾನದ್ದು ಒಂದು ಗಂಟೆ ಮೇಲೆ, ಇಳಿದು ಬ್ಯಾಗ್ ತಗೊಂಡು ಊರೊಳಗೆ ಬರೋಕೆ ಮುಕ್ಕಾಲು ಗಂಟೆ. ಕೂಡಿಸಿದ್ರೆ ನಾಲ್ಕೂಮುಕ್ಕಾಲು ಐದು ಗಂಟೆ ಆಯ್ತು. ಜನಶತಾಬ್ದಿನೂ ಸುಮಾರು ಅಷ್ಟೇ ಹೊತ್ತಲ್ಲಿ ಊರ ಮಧ್ಯಕ್ಕೇ ತಂದು ಬಿಡುತ್ತೆ. ಮನೆ ಯಲಹಂಕ, ಹೆಬ್ಬಾಳದ ಕಡೆ ಇದ್ರೆ, ಅಥವಾ ಬೇರೆ ದೇಶದಿಂದ ಬಂದು ಅಲ್ಲಿಂದಲೇ ಊರಿಗೆ ಹೋಗೋದಾದ್ರೆ ವಿಮಾನ ನಿಜವಾಗ್ಲೂ ದೊಡ್ಡ ಅನುಕೂಲ. ಕೆಂಗೇರಿ, ಬನಶಂಕರಿ ಕಡೆಯವರು ಟ್ರೈನೇ ಹಿಡೀರಿ ಅಂತೀನಿ. ದೆಹಲಿ, ಕೋಲ್ಕತ್ತಾ ಅಂಥ ದೂರಕ್ಕೆ ಈ ಲೆಕ್ಕನೇ ಬೇರೆ, ಅಲ್ಲಿ ವಿಮಾನದ ಎದುರು ಟ್ರೈನ್ ನಿಲ್ಲಲ್ಲ.

ಪ್ರಶ್ನೆ: ಮಗಳ ಬಾಣಂತನಕ್ಕೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗ್ಬೇಕು, ಮೊದಲನೇ ಸಲ, ಒಬ್ಬಳೇ ಹೋಗ್ತಿರೋದು. ನೇರ ವಿಮಾನ ಆದ್ರೆ ಮಧ್ಯಾಹ್ನ ಎರಡೂವರೆಗೆ ಹೊರಟು ಅವತ್ತೇ ಸಂಜೆ ಐದಕ್ಕೆ ಇಳೀತೀಯ ಅಂತ ಅಳಿಯಂದ್ರು ಹೇಳಿದ್ರು, ನಂಗೆ ತಲೆಬುಡ ಅರ್ಥ ಆಗ್ಲಿಲ್ಲ. ನಿಜವಾಗ್ಲೂ ಎಷ್ಟು ಹೊತ್ತು ಕೂತಿರಬೇಕು? ಮತ್ತೆ ಪಕ್ಕದ ಮನೆಯವರು ಉತ್ತರ ಧ್ರುವದ ಮೇಲೆ ಹೋಗುತ್ತೆ ಅಂತಾರೆ, ಹೌದಾ?
(ಓದುಗರು, ಹಾಸನ)

ಅಮ್ಮಾ, ಮೊದಲು ನಿಮ್ಮ ಅಳಿಯಂದ್ರ ಲೆಕ್ಕ ನೋಡೋಣ. ಕೂತಿರಬೇಕಾದ್ದು ಸುಮಾರು 16 ಗಂಟೆ. ಮಧ್ಯಾಹ್ನ ಎರಡೂವರೆಗೆ 16 ಗಂಟೆ ಸೇರಿಸಿದ್ರೆ ಹಾಸನದಲ್ಲಿ ಮಾರನೇ ದಿನ ಬೆಳಿಗ್ಗೆ ಆರೂವರೆ. ಆ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ ಇರುತ್ತೆ, ಅಲ್ಲಿಗೆ ಹಿಂದಿನ ದಿನ ಸಂಜೆ ಐದು. ಹಂಗಾಗಿ ತಾರೀಖು ಬದಲಾಗಲ್ಲ. ಇದು ಚಳಿಗಾಲದ ಲೆಕ್ಕ, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲನೇ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಟ್ಕೊಳ್ತಾರೆ, ಆಗ ವ್ಯತ್ಯಾಸ ಹನ್ನೆರಡೂವರೆ ಗಂಟೆ.

ವಾಪಸ್ ಬರುವಾಗ ಉಲ್ಟಾ, ಒಂದು ದಿನ ಪೂರ್ತಿ ಕಾಣೆಯಾದಂಗೆ ಇರುತ್ತೆ. ಅಲ್ಲಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂದಿದ್ದು 2021ರ ಜನವರಿಯಲ್ಲಿ, ಏರ್ ಇಂಡಿಯಾದ್ದು, ಬೋಯಿಂಗ್ 777. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವ, ಕಾಕ್‌ಪಿಟ್‌ನಲ್ಲಿ ಇದ್ದೋರೆಲ್ಲಾ ಹೆಣ್ಣುಮಕ್ಕಳೇ. ಅವರು ಅಲ್ಲಿ ಬಿಟ್ಟಿದ್ದು 9ನೇ ತಾರೀಖು ಶನಿವಾರ ರಾತ್ರಿ, ಇಲ್ಲಿ ಇಳಿದಿದ್ದು 11ನೇ ತಾರೀಖು ಸೋಮವಾರ ಬೆಳಗಿನ ಜಾವ, ಹಾರಿದ್ದು ಮಾತ್ರ 17 ಗಂಟೆ ಚಿಲ್ಲರೆ. ನಿಮ್ಮ ಪಕ್ಕದ ಮನೆಯವರು ಕೇಳಿರೋದು ಇದರ ಬಗ್ಗೆನೇ ಇರಬೇಕು, ಆ ವಿಮಾನ ಉತ್ತರ ಧ್ರುವದ ಮೇಲೇ ಬಂದಿತ್ತು. ಈಗ ನಿಮ್ಮ ತಾರೀಖಿಗೆ ನೇರ ವಿಮಾನ ಇದೆಯಾ ಅಂತ ಬುಕ್ ಮಾಡೋವಾಗ ನೋಡಿಸಿ, ಇಂಥ ಉದ್ದದ ರೂಟ್‌ಗಳು ಶುರುವಾಗೋದು ನಿಲ್ಲೋದು ಆಗ್ತಾನೇ ಇರುತ್ತೆ.

ಉತ್ತರಕ್ಕೆ ಯಾಕೆ ಹೋಗ್ತಾರೆ ಅನ್ನೋದು ಗೋಡೆ ಮೇಲಿನ ಮ್ಯಾಪ್ ನೋಡಿದ್ರೆ ಗೊತ್ತಾಗಲ್ಲ. ಮೊಮ್ಮಕ್ಕಳ ಗ್ಲೋಬ್ ಇದ್ರೆ ತಗೊಳ್ಳಿ, ಒಂದು ದಾರದ ತುದಿ ಬೆಂಗಳೂರಿನ ಮೇಲಿಟ್ಟು ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಬಿಗಿಯಾಗಿ ಎಳೀರಿ. ದಾರ ತಾನಾಗೇ ನೇಪಾಳ, ಟಿಬೆಟ್, ಮಂಗೋಲಿಯಾ ದಾಟಿ ಸೈಬೀರಿಯಾದ ಈಶಾನ್ಯ ತುದಿಗೆ, ಸುಮಾರು 71 ಡಿಗ್ರಿ ಉತ್ತರದವರೆಗೂ ಹತ್ತಿ, ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತೆ. ಅದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿ.ಮೀ. ಪ್ರಪಂಚದಲ್ಲೇ ಅತಿ ಉದ್ದದ ಪ್ರಯಾಣ ಅನ್ನಿಸ್ಕೊಂಡಿರೋ ಸಿಂಗಾಪುರ ನ್ಯೂಯಾರ್ಕ್ 15,300 ಕಿ.ಮೀ. ಮೇಲಿದೆ, ಅದಕ್ಕಿಂತ ಇದು ತುಂಬಾ ಕಮ್ಮಿ ಏನಲ್ಲ.

ಆದ್ರೆ ವಿಮಾನ ದಾರದ ಮೇಲೇ ಹೋಗಲ್ಲ. ಟಿಬೆಟ್ ಕಡೆ ನೆಲವೇ ಹದಿನೈದು ಸಾವಿರ ಅಡಿ ಎತ್ತರದಲ್ಲಿದೆ. ಒಳಗಿನ ಗಾಳಿಯ ಒತ್ತಡ ಏನಾದ್ರೂ ಇಳಿದ್ರೆ ವಿಮಾನ ಬೇಗ 10,000 ಅಡಿಗೆ ಇಳಿಯಬೇಕು, ತಲೆ ಮೇಲಿಂದ ಬೀಳೋ ಮಾಸ್ಕ್‌ನಲ್ಲಿ ಆಮ್ಲಜನಕ ಬರೋದು ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತು ನಿಮಿಷ ಅಷ್ಟೇ. ಕೆಳಗೆ ಬೆಟ್ಟನೇ ಇದ್ರೆ ಇಳಿಯೋದೆಲ್ಲಿ? ಅದಕ್ಕೆ ಆ ಭಾಗನ ಆದಷ್ಟು ಬಳಸಿಕೊಂಡು ಹೋಗ್ತಾರೆ. ಹೋಗುವಾಗ ಜಪಾನ್ ಕಡೆಯಿಂದ ಪೆಸಿಫಿಕ್ ಸಮುದ್ರ ದಾಟಿದ್ರೆ ಜೆಟ್ ಸ್ಟ್ರೀಮ್ ಹಿಂದಿಂದ ತಳ್ಳುತ್ತೆ, ದೂರ ಜಾಸ್ತಿಯಾದ್ರೂ ಬೇಗ ಮುಟ್ಟಬಹುದು. ಬರುವಾಗ ಅದೇ ಗಾಳಿ ಎದುರಾಗೋದ್ರಿಂದ ಅದನ್ನ ತಪ್ಪಿಸಿ ಇನ್ನೂ ಮೇಲಕ್ಕೆ, ಧ್ರುವದ ಕಡೆ ಹೋಗ್ತಾರೆ. ಎದುರಿನ ಸೀಟಿನ ಪರದೆಯಲ್ಲಿ ಮ್ಯಾಪ್ ಹಾಕಿಸ್ಕೊಳ್ಳಿ, ಗ್ರೌಂಡ್ ಸ್ಪೀಡ್ ಅಂತ ಒಂದು ಸಂಖ್ಯೆ ಬರ್ತಿರುತ್ತೆ, ಸಮುದ್ರದ ಮೇಲೆ ಅದು 1,000 ದಾಟಿದ್ರೆ ಗಾಳಿ ನಿಮ್ಮ ಪರವಾಗಿದೆ ಅಂತ.

ಕೊನೇದಾಗಿ ಅಮ್ಮಾ, ಬಿಪಿ, ಥೈರಾಯ್ಡ್, ಶುಗರ್ ಮಾತ್ರೆ ಏನಾದ್ರೂ ತಗೊಳ್ತಿದ್ರೆ ಅವನ್ನ ಕೈಚೀಲದಲ್ಲೇ ಇಟ್ಕೊಳ್ಳಿ, ಡಾಕ್ಟರ್ ಚೀಟಿ ಸಮೇತ, ದೊಡ್ಡ ಸೂಟ್‌ಕೇಸ್‌ಗೆ ಹಾಕ್ಬೇಡಿ. ಹದಿಮೂರು ಗಂಟೆ ವ್ಯತ್ಯಾಸದಲ್ಲಿ ಯಾವ ಮಾತ್ರೆ ಯಾವಾಗ ಅಂತ ಹೊರಡೋಕೆ ಮುಂಚೆ ಡಾಕ್ಟರ್ ಹತ್ರ ಕೇಳಿ ಬರೆಸ್ಕೊಳ್ಳಿ. ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ಮಂಡಿ ನೋವಿದ್ರೆ ವೀಲ್‌ಚೇರ್‌ಗೆ ಬುಕ್ ಮಾಡುವಾಗಲೇ ಹೇಳಿಸಿ, ಸಂಕೋಚ ಬೇಡ.

ಪ್ರಶ್ನೆ: ಭೂಮಿ ಪಶ್ಚಿಮದಿಂದ ಪೂರ್ವಕ್ಕ ತಿರಗತೈತಲ್ರಿ, ಹಂಗಾದ್ರ ಹೆಲಿಕಾಪ್ಟರ್ ಮ್ಯಾಲ ಹೋಗಿ ಸುಮ್ನ ನಿಂತ್ರ ಕೆಳಗ ಊರು ತಾನ ಬರಬೇಕಲ್ರಿ?
(ಹೈಸ್ಕೂಲ್ ವಿದ್ಯಾರ್ಥಿ, ರಾಯಚೂರು)

ತಮ್ಮಾ, ಒಳ್ಳೇ ಪ್ರಶ್ನೆ. ಭೂಮಿ ಒಂದೇ ತಿರುಗ್ತಿದ್ರೆ ನೀನು ಹೇಳಿದಂಗೇ ಆಗ್ತಿತ್ತು. ಆದ್ರೆ ಗಾಳಿನೂ ಭೂಮಿ ಜೊತೆಗೇ ತಿರುಗುತ್ತೆ, ನೆಲದ ಮೇಲೆ ನಿಂತಿರೋ ಹೆಲಿಕಾಪ್ಟರೂ ತಿರುಗ್ತಿರುತ್ತೆ, ಮೇಲೆ ಎದ್ದಾಗ ಆ ವೇಗ ಅದರ ಜೊತೆಗೇ ಬಂದಿರುತ್ತೆ. ಸಮಭಾಜಕದ ಹತ್ರ ಭೂಮಿಯ ಮೇಲ್ಮೈ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ತಿರುಗ್ತಿದೆ. ಗಾಳಿ ಜೊತೆಗೆ ಬರದೇ ಇದ್ದಿದ್ರೆ ನಾವು ಹೊರಗೆ ನಿಲ್ಲೋಕೇ ಆಗ್ತಿರ್ಲಿಲ್ಲ, ಅಷ್ಟು ಭಯಂಕರ ಬಿರುಗಾಳಿ ಇರ್ತಿತ್ತು. ವಿಮಾನಕ್ಕೆ ಹೋಗೋ ಬರೋ ಟೈಮಲ್ಲಿ ವ್ಯತ್ಯಾಸ ಬರೋದು ಮೇಲೆ ಹೇಳಿದ ಜೆಟ್ ಸ್ಟ್ರೀಮ್‌ನಿಂದ. ಹಾಂ, ಆ ಗಾಳಿ ಪೂರ್ವಕ್ಕೆ ತಿರುಗೋಕೆ ಭೂಮಿಯ ತಿರುಗುವಿಕೆನೂ ಕಾರಣ, ಆದ್ರಿಂದ ನಿನ್ನ ಯೋಚನೆ ಪೂರ್ತಿ ದೂರ ಏನಿಲ್ಲ. 2020ರ ಫೆಬ್ರವರಿಯಲ್ಲಿ ದೊಡ್ಡ ಬಿರುಗಾಳಿ ಟೈಮಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನ್ಯೂಯಾರ್ಕಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಡ್ತು, ಗಾಳಿ ಅಷ್ಟು ಜೋರಾಗಿ ತಳ್ಳಿತ್ತು.

ಪ್ರಶ್ನೆ: ದೆಹಲಿಯಿಂದ ಯುರೋಪಿಗೆ ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತೆ ಅಂತ ಇಲ್ಲಿ ಎಲ್ಲರೂ ಹೇಳ್ತಾರೆ, ಬೆಂಗಳೂರಿನವರಿಗೆ ಅಷ್ಟು ಗೊತ್ತಾಗಿಲ್ಲ. ಏನಿದು?
(ದೆಹಲಿ ಕನ್ನಡಿಗರೊಬ್ಬರು)

2025ರ ಏಪ್ರಿಲ್ 24ಕ್ಕೆ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು, ಆಮೇಲೆ ತಿಂಗಳು ತಿಂಗಳು ಮುಂದುವರಿಸಿತು, ನಮ್ಮವರೂ ಅವರ ವಿಮಾನಗಳಿಗೆ ಮುಚ್ಚಿದ್ರು. 2019ರಲ್ಲೂ ಫೆಬ್ರವರಿಯಿಂದ ಜುಲೈವರೆಗೆ ಹೀಗೇ ಆಗಿತ್ತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗೋ ನೇರ ದಾರಿ ಪಾಕಿಸ್ತಾನದ ಮೇಲೇ ಇದೆ, ಅದು ಮುಚ್ಚಿದ್ರೆ ಗುಜರಾತ್ ಕಡೆ ಇಳಿದು ಅರಬ್ಬಿ ಸಮುದ್ರದ ಮೇಲೆ ಬಳಸಿ ಹೋಗ್ಬೇಕು. ಬೆಂಗಳೂರಿನವರು ಮೊದಲಿಂದಲೂ ಹೆಚ್ಚು ಕಮ್ಮಿ ಸಮುದ್ರದ ಕಡೆಯಿಂದಲೇ ಹೋಗೋದ್ರಿಂದ ಅವರಿಗೆ ಅಷ್ಟು ತಟ್ಟಿಲ್ಲ. ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಫಿನ್‌ಲ್ಯಾಂಡಿನವರಿಗೆ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತು ಚಿಲ್ಲರೆ ಗಂಟೆ ಇದ್ದಿದ್ದು ಹನ್ನೆರಡು ಹದಿಮೂರು ಗಂಟೆ ಆಯ್ತು. ಊರು ಜಾಗ ಬಿಟ್ಟು ಕದಲಿಲ್ಲ, ದಾರಿ ಮಾತ್ರ ಬದಲಾಯ್ತು.

ಪ್ರಶ್ನೆ: ಮಗ ಫ್ರಾಂಕ್‌ಫರ್ಟ್ ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಟಿಕೆಟ್ ಮಾಡಿಸ್ತಿದಾನೆ. ಒಂದು ಟಿಕೆಟಲ್ಲಿ ಮಧ್ಯೆ ಒಂದೂವರೆ ಗಂಟೆ ಗ್ಯಾಪ್, ಇನ್ನೊಂದರಲ್ಲಿ ನಾಲ್ಕು ಗಂಟೆ. ಯಾವುದು ತಗೊಳ್ಳೋದು?
(ಓದುಗರು, ತುಮಕೂರು)

ನಾಲ್ಕು ಗಂಟೆದು ತಗೊಳ್ಳಿ ಸರ್. ಬೆಂಗಳೂರು ಫ್ರಾಂಕ್‌ಫರ್ಟ್ 7,400 ಕಿ.ಮೀ., ಅಲ್ಲಿಂದ ಮುಂದಕ್ಕೆ 9,150, ಒಟ್ಟು 16,550. ನೇರ ದಾರಿಗಿಂತ ಎರಡೂವರೆ ಸಾವಿರ ಕಿ.ಮೀ. ಜಾಸ್ತಿ, ಅದಕ್ಕೇ ಮೂರು ಗಂಟೆ ಹೋಯ್ತು, ಇನ್ನು ಗ್ಯಾಪ್‌ನಲ್ಲಿ ಎರಡೂವರೆ ಗಂಟೆ ಉಳಿಸೋಕೆ ಹೋಗಿ ಓಡೋ ಪಾಡು ಯಾಕೆ. ಇಲ್ಲಿಂದ ಅರ್ಧ ಗಂಟೆ ಲೇಟಾಗಿ ಹೊರಟು, ಅಲ್ಲಿ ಟರ್ಮಿನಲ್ ಬದಲಾಯಿಸಿ, ಸೆಕ್ಯುರಿಟಿ ಇನ್ನೊಂದು ಸಲ ಮಾಡಿಸ್ಕೊಂಡು, ಅಮೆರಿಕ ವಿಮಾನಕ್ಕೆ ಗೇಟ್ ಹತ್ರ ಮತ್ತೆ ಪಾಸ್‌ಪೋರ್ಟ್ ತೋರಿಸೋವಷ್ಟರಲ್ಲಿ ಒಂದೂವರೆ ಗಂಟೆ ಎಲ್ಲಿಗೂ ಸಾಲಲ್ಲ.

ಅದಕ್ಕಿಂತ ಮುಖ್ಯ, ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರ್ಲಿ. ಒಂದೇ ಟಿಕೆಟ್ ಆಗಿದ್ದು ಮೊದಲನೇದು ಲೇಟಾಗಿ ಎರಡನೇದು ತಪ್ಪಿದ್ರೆ ಮುಂದಿನ ವಿಮಾನಕ್ಕೆ ಹತ್ತಿಸೋದು ಕಂಪನಿಯ ಜವಾಬ್ದಾರಿ, ಬ್ಯಾಗೂ ಸಾಮಾನ್ಯವಾಗಿ ಕೊನೇ ಊರಿನವರೆಗೂ ತಾನೇ ಹೋಗುತ್ತೆ. ನಾಲ್ಕು ಕಾಸು ಕಮ್ಮಿ ಅಂತ ಬೇರೆ ಬೇರೆಯಾಗಿ ಮಾಡಿಸಿದ್ರೆ ತಪ್ಪಿದ ವಿಮಾನಕ್ಕೆ ಹೊಸ ಟಿಕೆಟ್ ನಿಮ್ಮದೇ ಖರ್ಚು, ಬ್ಯಾಗ್ ಮಧ್ಯದಲ್ಲೇ ಇಳಿಸ್ಕೊಂಡು ಮತ್ತೆ ಹಾಕ್ಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾನೂ ಬೇಕಾಗಬಹುದು. ಮಗನಿಗೆ ಹೇಳಿ, ಹಣ ಕಟ್ಟೋಕೆ ಮುಂಚೆ ಪಿಎನ್‌ಆರ್ ಒಂದೇನಾ, ಬ್ಯಾಗ್ ಎಲ್ಲಿವರೆಗೆ ಹೋಗುತ್ತೆ, ಟ್ರಾನ್ಸಿಟ್ ವೀಸಾ ಬೇಕಾ, ಈ ಮೂರನ್ನೂ ಕೇಳಿಕೊಳ್ಳಲಿ.